ರ್ಯಾಕ್ ಆಮೇಲೆ ನೋಡೋಣ, ಮೊದಲು ಲೋವರ್ ಆರ್ಮ್ ಬೋಲ್ಟ್ ಸಡಿಲಿಸಿ

ನಿಮ್ಮ ಕಾರಿನಲ್ಲಿ ಹಂಪ್ ಇಳಿಯುವಾಗ ಎಡಗಡೆ ಟಕ್ ಅನ್ನುವ ಸದ್ದು ಅಂತ ಬರೆದಿದ್ದೀರಿ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎಡಕ್ಕೆ ಜಗ್ಗುತ್ತೆ. ಲೋವರ್ ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳು), ಅದರ ಕೀಲಿನ ರಬ್ಬರ್ ಬುಶ್ ಹೊಸದು ಹಾಕಿಸಿ ನಾಲ್ಕೇ ತಿಂಗಳು. ಈಗ ಗ್ಯಾರೇಜಿನವರು ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸಲಾಕೆ) ಹೋಗಿದೆ ಅಂತಿದ್ದಾರೆ, ಹೊಸದು ಹಾಕಿಸಲೋ ರೀಕಂಡಿಶನ್ ಮಾಡಿಸಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಕಾರಿಗೂ ಇದೇ ಆಗಿತ್ತು, ಇದೇ ಕ್ರಮದಲ್ಲಿ. ನಾನು ರ್ಯಾಕ್ ಹಾಕಿಸಿಯೂ ಬಿಟ್ಟೆ. ಸದ್ದು ಹೋಗಲಿಲ್ಲ.

ನನ್ನದು ಹತ್ತು ವರ್ಷ ದಾಟಿದ ಹ್ಯಾಚ್‌ಬ್ಯಾಕ್. ದಾವಣಗೆರೆಯಿಂದ ದುರ್ಗಕ್ಕೆ ಹೈವೇ, ಅಲ್ಲಿಂದ ಹೊಳಲ್ಕೆರೆ ಕಡೆ ಊರೂರಿನ ಹಂಪು. ನಮ್ಮ ಕಡೆ ಎಡಗಡೆಯ ಸಸ್ಪೆನ್ಷನ್ನೇ ಮೊದಲು ಹೋಗೋದಕ್ಕೆ ಕಾರಣ ಇದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ, ಎದುರಿಗೆ ಲಾರಿ ಬಂದರೆ ಎಡಗಡೆಯ ಚಕ್ರ ಟಾರಿನ ಅಂಚು ಇಳಿದು ಮತ್ತೆ ಹತ್ತಬೇಕು. ಆ ಏಟೆಲ್ಲ ಎಡಗಡೆಯ ಆರ್ಮಿಗೆ.

ಸದ್ದು ಶುರುವಾದಾಗ ಮೊದಲು ಮುಂದಿನ ಎರಡೂ ಶಾಕಬ್ಸರ್ ಬದಲಾಯ್ತು, ಆಮೇಲೆ ಲಿಂಕ್ ರಾಡ್, ಅಂದರೆ ಸ್ಟೆಬಿಲೈಜರ್ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಕಡ್ಡಿ. ಸದ್ದು ಇದ್ದೇ ಇತ್ತು. ಕೊನೆಗೆ ಲೋವರ್ ಆರ್ಮ್ ಬುಶ್ ಸೀಳಿರೋದು ಕಾಣಿಸಿತು. ಬುಶ್ಶನ್ನು ಪ್ರೆಸ್ಸಿನಲ್ಲಿ ಹಾಕಿಸಿಕೊಂಡು ಬಂದು, ಮನೆ ಮುಂದೆಯೇ ಜಾಕ್ ಏರಿಸಿ ಆರ್ಮ್ ನಾನೇ ಕೂರಿಸಿದೆ. ಅವತ್ತೇ ಕಾರು ಹೊಸದರ ಹಾಗೆ ನಿಶ್ಶಬ್ದ. ಮೂರೂವರೆ ತಿಂಗಳಿಗೆ ಅದೇ ಟಕ್, ಜೊತೆಗೆ ಬ್ರೇಕಿಗೆ ಎಳೆತ. ಆಗ ಗ್ಯಾರೇಜಿನವರೂ ನಾನೂ ಒಂದೇ ಥರ ಯೋಚಿಸಿದೆವು: ಬುಶ್ ಹೊಸದು, ಶಾಕಬ್ಸರ್ ಹೊಸದು, ಲಿಂಕ್ ಹೊಸದು, ಹಾಗಾದರೆ ಉಳಿದದ್ದು ರ್ಯಾಕ್. ಕೂಲಿ, ಅಲೈನ್‌ಮೆಂಟ್ ಎಲ್ಲ ಸೇರಿ ಹದಿನೇಳೂವರೆ ಸಾವಿರ. ವಾಪಸ್ ಬರುವಾಗ ಮೊದಲನೇ ಹಂಪಿಗೇ ಟಕ್.

ಆಮೇಲೆ ಪಿ.ಬಿ. ರಸ್ತೆಯ ಬದಿಯ ಒಂದು ಶೆಡ್ಡಿನಲ್ಲಿ, ಬರೀ ಸಸ್ಪೆನ್ಷನ್ ಕೆಲಸ ಮಾಡುವ ಹಳೇ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಕಾರನ್ನು ಪಿಟ್ ಮೇಲೆ ನಿಲ್ಲಿಸಿ, ಕೆಳಗಿಳಿದು ಎರಡು ನಿಮಿಷ ಟಾರ್ಚ್ ಹಾಕಿ ನೋಡಿ ಕೇಳಿದ್ದು ಒಂದೇ ಮಾತು: "ಆರ್ಮ್ ನೇತಾಡ್ತಿರೋವಾಗ್ಲೇ ಬೋಲ್ಟ್ ಟೈಟ್ ಮಾಡಿದ್ರೇನ್ರೀ?"

ಹೌದು, ಹಾಗೇ ಮಾಡಿದ್ದೆ. ಸ್ವಲ್ಪ ಉದ್ದ ಆದರೂ ಇದನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕಾರಿನಲ್ಲೂ ಇದೇ ಆಗಿರೋದು ಅಂತ ನನಗೆ ಮುಕ್ಕಾಲು ಪಾಲು ಖಾತ್ರಿ.

ಲೋವರ್ ಆರ್ಮ್ ಬುಶ್ ಅಂದರೆ ಬೇರಿಂಗ್ ಅಲ್ಲ. ಒಳಗೊಂದು ಕಬ್ಬಿಣದ ಕೊಳವೆ, ಹೊರಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಸಿ ಬೇಯಿಸಿದ ರಬ್ಬರ್. ಹೊರಗಿನ ಕೊಳವೆ ಆರ್ಮಿನ ಕಣ್ಣಿನೊಳಗೆ ಪ್ರೆಸ್ ಆಗಿ ಕೂತಿರುತ್ತೆ. ಒಳಗಿನ ಕೊಳವೆಯ ಮೂಲಕ ಬೋಲ್ಟ್ ಹೋಗುತ್ತೆ, ಬೋಲ್ಟ್ ಬಿಗಿ ಮಾಡಿದಾಗ ಚಾಸಿಯ ಬ್ರ್ಯಾಕೆಟ್ಟಿನ ಎರಡು ಕಿವಿಗಳು ಆ ಕೊಳವೆಯನ್ನು ಅದುಮಿ ಹಿಡಿಯುತ್ತವೆ. ಅಲ್ಲಿಂದಾಚೆಗೆ ಒಳಗಿನ ಕೊಳವೆ ತಿರುಗೋ ಹಾಗಿಲ್ಲ. ಚಕ್ರ ಮೇಲೆ ಕೆಳಗೆ ಹೋದಾಗ ಆರ್ಮ್ ತಿರುಗೋದು ರಬ್ಬರ್ ತಿರುಚಿಕೊಂಡೇ, ಜಾರಿ ಅಲ್ಲ. ಹಾಗಾಗಿ ಬೋಲ್ಟ್ ಬಿಗಿ ಮಾಡಿದ ಕ್ಷಣದಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ರಬ್ಬರಿನ ಪಾಲಿಗೆ ಅದೇ ವಿಶ್ರಾಂತಿಯ ಜಾಗ.

ಜಾಕ್ ಮೇಲೆ ಕಾರು ಇದ್ದಾಗ ಆರ್ಮ್ ಪೂರ್ತಿ ಕೆಳಕ್ಕೆ ಜೋತುಬಿದ್ದಿರುತ್ತೆ. ಅಲ್ಲೇ ಬಿಗಿ ಮಾಡಿ ಜಾಕ್ ಇಳಿಸಿದರೆ ಕಾರಿನ ತೂಕಕ್ಕೆ ಆರ್ಮ್ ಹತ್ತು ಹದಿನೈದು ಡಿಗ್ರಿ ಮೇಲೆ ಬರುತ್ತೆ, ರಬ್ಬರ್ ಅಷ್ಟೂ ತಿರುಚಿಕೊಳ್ಳುತ್ತೆ. ಕಾರು ಸುಮ್ಮನೆ ಮನೆ ಮುಂದೆ ನಿಂತಿದ್ದರೂ ರಬ್ಬರಿಗೆ ಬಿಡುವಿಲ್ಲ, ಹಿಂಡಿದ ಒದ್ದೆ ಬಟ್ಟೆಯ ಹಾಗೆ. ಅದರ ಮೇಲೆ ಗುಂಡಿ, ಹಂಪು ಬಂದಾಗ ಇನ್ನೂ ಅಷ್ಟೇ ತಿರುಚು. ಎರಡು ಕಡೆಗೂ ಸಮನಾಗಿ ಆಡಬೇಕಾದ ರಬ್ಬರ್ ಒಂದೇ ಕಡೆಗೆ ಎರಡರಷ್ಟು ಆಡುತ್ತೆ. ಹೊಸ ಬುಶ್ ಅಂಟು ಬಿಟ್ಟು ಸೀಳೋದಕ್ಕೆ ನನ್ನ ಕಾರಿನಲ್ಲಿ ಮೂರೂವರೆ ತಿಂಗಳು ಸಾಕಾಯ್ತು.

ಸೀಳಿದ ಮೇಲೆ ಸದ್ದು, ಎಳೆತ ಎರಡೂ ಯಾಕೆ ಬರುತ್ತೆ ಅಂದರೆ, ಬ್ರೇಕ್ ಒತ್ತಿದಾಗ ನೆಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತೆ. ಅದನ್ನು ತಡೆಯೋದು ಈ ಬುಶ್ಶುಗಳೇ. ಎಡಗಡೆಯದು ಸಡಿಲವಾಗಿದ್ದರೆ ಎಡ ಚಕ್ರ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತೆ, ಆದರೆ ರ್ಯಾಕಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತನ್ನ ಜಾಗದಲ್ಲೇ ಇರುತ್ತೆ. ಹಾಗಾಗಿ ಆ ಒಂದು ಚಕ್ರದ ದಿಕ್ಕೇ ಚೂರು ಬದಲಾಗುತ್ತೆ. ಕೈಗೆ ಸಿಗೋದು ಸ್ಟೀರಿಂಗ್ ಎಳೆತ, ಹಾಗಾಗಿ ಎಲ್ಲರ ಅನುಮಾನ ರ್ಯಾಕ್ ಮೇಲೆ ಹೋಗುತ್ತೆ.

ಮೇಸ್ತ್ರಿ ಇದನ್ನು ಕಣ್ಣಿಗೇ ತೋರಿಸಿದರು. ಚಕ್ರಗಳ ಮೇಲೆ ನಿಂತ ಕಾರಿನ ಕೆಳಗೆ ಹೋಗಿ, ಬ್ರ್ಯಾಕೆಟ್ ಕಿವಿಯಿಂದ ಬುಶ್ಶಿನ ರಬ್ಬರ್ ಮುಖದವರೆಗೆ ವೈಟ್‌ನರಿನಲ್ಲಿ ಒಂದು ಗೆರೆ ಎಳೆದರು. ಆರಿದ ಮೇಲೆ ಬೋಲ್ಟನ್ನು ಒಂದು ಸುತ್ತು ಸಡಿಲಿಸಿದರು. ಟಪ್ ಅಂತ ಒಂದು ಶಬ್ದ. ನೇರ ಇದ್ದ ಗೆರೆ ತುಂಡಾಗಿ, ರಬ್ಬರ್ ಮೇಲಿನ ಅರ್ಧ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಹೋಗಿ ನಿಂತಿತು. ಬಲಗಡೆಯದು ಕಂಪನಿಯಲ್ಲೇ ಕೂರಿಸಿದ್ದು, ಯಾರೂ ಮುಟ್ಟಿರಲಿಲ್ಲ. ಅಲ್ಲಿ ಗೆರೆ ಅಲ್ಲಾಡಲಿಲ್ಲ.

ನೀವು ಮೊದಲು ಮಾಡಬೇಕಾದ್ದು ಇದೇ ಪರೀಕ್ಷೆ. ಪಿಟ್ ಇರುವ ಯಾವುದೇ ಗ್ಯಾರೇಜಿನಲ್ಲಿ ಹತ್ತು ನಿಮಿಷದ ಕೆಲಸ. ಕಾರು ತನ್ನ ಚಕ್ರದ ಮೇಲೇ ನಿಂತಿರಬೇಕು, ಎರಡು ಕಂಬದ ಲಿಫ್ಟಿನಲ್ಲಿ ನೇತಾಡಬಾರದು. ಗೆರೆ ಜರುಗಿತು, ಆದರೆ ರಬ್ಬರ್ ಇನ್ನೂ ಸೀಳಿಲ್ಲ ಅಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ: ಕಾರನ್ನು ನಾಲ್ಕು ಸಲ ಮೇಲಿಂದ ಅದುಮಿ ಅಲ್ಲಾಡಿಸಿ, ಅಲ್ಲೇ ಬಿಗಿ ಮಾಡಿಸಿಕೊಂಡು ಬನ್ನಿ. ಸೀಳಿದೆಯೋ ಇಲ್ಲವೋ ನೋಡೋಕೆ ಉದ್ದನೆಯ ರಾಡನ್ನು ಆರ್ಮ್ ಮತ್ತು ಬ್ರ್ಯಾಕೆಟ್ ನಡುವೆ ಕೊಟ್ಟು ಮೀಟಿ. ರಬ್ಬರ್ ಮೇಲ್ಮೈಯ ಸಣ್ಣ ಕೂದಲು ಬಿರುಕು ಲೆಕ್ಕಕ್ಕಿಲ್ಲ. ಮೀಟಿದಾಗ ಕೊಳವೆಯ ಪಕ್ಕ ಅರ್ಧಚಂದ್ರದ ಹಾಗೆ ಬಾಯಿ ಬಿಟ್ಟರೆ, ಬೆಂಕಿಕಡ್ಡಿ ತೂರುವಷ್ಟಾದರೆ, ಬುಶ್ ಮುಗಿದಿದೆ.

ಒಂದು ಮಾತು: ಕೆಲವು ಕಾರುಗಳಲ್ಲಿ ಆರ್ಮಿನ ಹಿಂದಿನ ಬುಶ್ಶಿನ ಬೋಲ್ಟ್ ನೆಟ್ಟಗೆ ನಿಂತಿರುತ್ತೆ. ಅದಕ್ಕೆ ಈ ಗೆರೆ ಪರೀಕ್ಷೆ ಹೊಂದಲ್ಲ. ಕಾರಿನ ಉದ್ದಕ್ಕೆ ಮಲಗಿರುವ ಬೋಲ್ಟಿಗೆ ಮಾತ್ರ.

ಈಗ ರ್ಯಾಕ್ ವಿಚಾರ. ನಿಮ್ಮ ಗ್ಯಾರೇಜಿನವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳಲ್ಲ. ಆದರೆ ಒಂದೊಂದನ್ನೇ ಬದಲಾಯಿಸುತ್ತಾ ಹೋಗಿ ಉಳಿದದ್ದೇ ಕಳ್ಳ ಅನ್ನೋದು ಪರೀಕ್ಷೆ ಅಲ್ಲ. ರ್ಯಾಕ್ ನಿಜವಾಗಿ ಹೋಗಿದ್ದರೆ ಅದಕ್ಕೆ ಅದರದೇ ಗುರುತುಗಳಿವೆ. ಚಕ್ರ ನೆಲದ ಮೇಲಿರಲಿ, ಎಂಜಿನ್ ಆನ್ ಇರಲಿ. ಒಬ್ಬರು ಸ್ಟೀರಿಂಗನ್ನು ನಡುವಿನಿಂದ ಆಚೀಚೆ ಎರಡೆರಡು ಇಂಚು ಬೇಗ ಬೇಗ ಆಡಿಸಲಿ. ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ಕೈಯಲ್ಲಿ ಹಿಡಿದು ನೋಡಬೇಕು: ಚಕ್ರದ ಹತ್ತಿರದ ಟೈ ರಾಡ್ ಎಂಡ್, ಮಡಿಕೆ ಮಡಿಕೆಯಾಗಿರುವ ರಬ್ಬರ್ ಬೂಟನ್ನು ಅದುಮಿ ಅದರೊಳಗಿನ ರ್ಯಾಕ್ ಎಂಡ್, ಆಮೇಲೆ ಸ್ಟೀರಿಂಗ್ ಕಂಬದ ಕೆಳಗಿನ ಯೂನಿವರ್ಸಲ್ ಜಾಯಿಂಟ್. ಲಟಕ್ ಅನ್ನೋದು ಕಿವಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತೆ, ಸದ್ದು ಕಬ್ಬಿಣದೊಳಗೆ ಓಡಾಡಿ ಎಲ್ಲಿಂದಲೋ ಬಂದ ಹಾಗೆ ಕೇಳಿಸುತ್ತೆ. ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಒಂದು ಇಂಚಿನ ಆಸುಪಾಸು ಖಾಲಿ ಆಟ ಇದ್ದರೆ ಗಾಬರಿ ಬೇಡ, ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಯಾವುದೋ ಕೀಲು ಸವೆದಿದೆ. ಇವೆಲ್ಲ ಗಟ್ಟಿ ಇದ್ದು, ಎಡ ತುದಿಯಲ್ಲೋ ಬಲ ತುದಿಯಲ್ಲೋ ರ್ಯಾಕಿನ ಸಲಾಕೆಯೇ ತನ್ನ ಕವಚದೊಳಗೆ ಮೇಲೆ ಕೆಳಗೆ ಕುಣಿದರೆ ಆಗ ರ್ಯಾಕ್. ಬೂಟ್ ಹರಿದು ಒಳಗೆ ಕೆಂಪು ತುಕ್ಕು, ಮಣ್ಣು ಇದ್ದರೂ ರ್ಯಾಕಿನ ಆಯಸ್ಸು ಮುಗೀತು ಅಂತಲೇ.

ಅದಕ್ಕೂ ಮೊದಲು ರ್ಯಾಕ್ ಬೆನ್ನ ಹಿಂದಿನ ನಟ್ ಬಿಗಿ ಮಾಡಿ ಸದ್ದು ನಿಲ್ಲಿಸುತ್ತೇವೆ ಅನ್ನುವವರಿದ್ದಾರೆ. ಎಂಟನೇ ಒಂದು ಸುತ್ತು ಜಾಸ್ತಿ ಹೋದರೂ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರಲ್ಲ. ಗೊತ್ತಿರುವ ಕೈ ಬಿಟ್ಟು ಬೇರೆಯವರು ಅದನ್ನು ಮುಟ್ಟಬಾರದು.

ಬ್ರೇಕಿಗೆ ಮಾತ್ರ ಎಳೆತ ಇದೆ ಅಂದಿದ್ದೀರಿ, ಆದ್ದರಿಂದ ಬುಶ್ ಜೊತೆಗೆ ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಕೂಡ ಅನುಮಾನದ ಪಟ್ಟಿಯಲ್ಲಿದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಎರಡೂ ಮುಂಚಕ್ರದ ಹತ್ತಿರ ಅಂಗೈ ತನ್ನಿ (ಡಿಸ್ಕ್ ಮುಟ್ಟಬೇಡಿ, ಸುಡುತ್ತೆ). ಒಂದು ಕಡೆ ಮಾತ್ರ ವಿಪರೀತ ಬಿಸಿ ಅಂದರೆ ಆ ಕ್ಯಾಲಿಪರ್ ಬಿಗಿದುಕೊಂಡಿದೆ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಕಿತ್ತು ತೊಳೆದು, ಅದಕ್ಕೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಬಹುಪಾಲು ಸರಿಹೋಗುತ್ತೆ. ಬ್ರೇಕ್ ಒತ್ತದೆಯೂ ಎಳೆದರೆ ಗಾಳಿ ನೋಡಿ, ಆಮೇಲೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಎಳೆತ ಬಲಕ್ಕೆ ಬದಲಾದರೆ ಟೈರಿನದೇ ದೋಷ. ಅಂದಹಾಗೆ ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುತ್ತವೆ, ಸ್ವಲ್ಪ ಎಡಕ್ಕೆ ಹೋಗೋದು ರೋಗ ಅಲ್ಲ.

ಜಾಕ್ ಏರಿಸಿದಾಗ ಇನ್ನೊಂದನ್ನೂ ನೋಡಿಬಿಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಲೋವರ್ ಬಾಲ್ ಜಾಯಿಂಟ್, ಅಂದರೆ ಆರ್ಮಿನ ಹೊರತುದಿಯ ಗುಂಡು ಕೀಲು. ಎಡ-ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಕಡೆ. ಲಿಂಕ್ ರಾಡನ್ನು ಮಾತ್ರ ಒಂದೇ ಚಕ್ರ ಏರಿಸಿ ಪರೀಕ್ಷಿಸಬೇಡಿ. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತೆ, ಸವೆದಿದ್ದರೂ ಗಟ್ಟಿ ಅನಿಸುತ್ತೆ. ಪಿಟ್ ಮೇಲೆ, ಎರಡೂ ಚಕ್ರ ನೆಲದಲ್ಲಿದ್ದಾಗ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅನುಮಾನ ಉಳಿದರೆ ಎರಡೂ ಕಡೆಯ ಲಿಂಕ್ ಬಿಚ್ಚಿ, ಬಾರ್ ಎಲ್ಲೂ ತಾಗದ ಹಾಗೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಹಂಪ್ ದಾಟಿಸಿ. ಸದ್ದು ಮಾಯವಾದರೆ ಅದೇ. ಶಾಕಬ್ಸರ್, ಸ್ಪ್ರಿಂಗ್ ಒಟ್ಟಿಗಿರುವ ಸ್ಟ್ರಟ್ ಮೇಲಿನ ಮೌಂಟ್ ಬೇರಿಂಗ್ ಹೋಗಿದ್ದರೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ತಡೆದು ತಡೆದು ಟಣ್ ಅಂತ ಜಿಗಿಯುತ್ತೆ, ಅದು ಹಂಪಿನ ಟಕ್ ಅಲ್ಲ.

ಬುಶ್ ಸೀಳಿದೆ ಅಂತ ಖಚಿತವಾದ ಮೇಲೆ ಬರೀ ಬುಶ್ಶೋ ಪೂರ್ತಿ ಆರ್ಮೋ? ಎಪ್ಪತ್ತು ಎಂಬತ್ತು ಸಾವಿರ ಕಿಲೋಮೀಟರ್ ಓಡಿದ್ದರೆ, ಬಾಲ್ ಜಾಯಿಂಟ್ ಆರ್ಮಿಗೇ ಅಂಟಿಕೊಂಡ ಮಾಡೆಲ್ ಆದರೆ, ಪೂರ್ತಿ ಆರ್ಮ್ ಹಾಕಿಸಿ. ಪ್ರೆಸ್ ಕೂಲಿ, ಎರಡನೇ ಸಲದ ಬಿಚ್ಚೋ ಕೂಲಿ ಎಲ್ಲ ಉಳಿಯುತ್ತೆ. ಬರೀ ಬುಶ್ ಆದರೆ ಹಳೆಯದು ಕೀಳುವ ಮೊದಲು ಅದರ ಖಾಲಿ ಕಿಂಡಿಗಳು ಯಾವ ದಿಕ್ಕಿಗಿವೆ ಅಂತ ಆರ್ಮ್ ಮೇಲೆ ಗುರುತು ಹಾಕಿಸಿ, ಹೊಸದು ಅದೇ ದಿಕ್ಕಿಗೆ ಕೂರಬೇಕು. ಪ್ರೆಸ್ ಮಾಡುವಾಗ ಸೋಪಿನ ನೀರು ಸಾಕು. ಗ್ರೀಸ್ ಬೇಡ, ಎಣ್ಣೆಗೆ ಈ ರಬ್ಬರ್ ಊದಿಕೊಳ್ಳುತ್ತೆ. ಇದೇ ಕಾರಣಕ್ಕೆ ವಾಟರ್ ಸರ್ವೀಸಿನವರು ಕಾರಿನ ಹೊಟ್ಟೆಗೆ ಹೊಡೆಯುವ ಡೀಸೆಲ್ ಕೂಡ ಬೇಡ ಅನ್ನಿ. ಮಿಂಚುತ್ತೆ, ತುಕ್ಕು ಹಿಡಿಯಲ್ಲ ಅಂತಾರೆ, ಆದರೆ ಕೆಳಗಿರುವ ರಬ್ಬರ್ ಬುಶ್ಶುಗಳು ಮೆತ್ತಗಾಗುತ್ತವೆ. ಸ್ಪ್ರಿಂಗ್ ಸುರುಳಿಗಳ ನಡುವೆ ತೂರಿಸುವ ರಬ್ಬರ್ ಬಫರ್ ಕೂಡ ಬೇಡ. ಅದು ಸದ್ದನ್ನು ಮುಚ್ಚುತ್ತೆ, ಅಷ್ಟೇ.

ಕೂರಿಸುವ ಕ್ರಮ ಬರೆದುಬಿಡುತ್ತೇನೆ, ಮೆಕ್ಯಾನಿಕ್ ಹತ್ತಿರ ನಿಂತು ಮಾಡಿಸಿಕೊಳ್ಳಿ. ಬಿಚ್ಚುವ ಮೊದಲು ಕಾರು ಸಮತಟ್ಟು ನೆಲದಲ್ಲಿದ್ದಾಗ, ಚಕ್ರದ ನಟ್ಟನಡುವಿನಿಂದ ನೇರ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆದು ಬರೆದಿಡಿ. ನನ್ನದು 37 ಸೆಂ.ಮೀ. ಇತ್ತು. ಆಮೇಲೆ ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು, ಜಾಕ್, ಕಾರಿನ ಬಾಡಿಯ ಕೆಳಗೆ ಸ್ಟ್ಯಾಂಡ್. ಸ್ಟ್ಯಾಂಡ್ ಬದಲು ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ, ಹೇಳದೆ ಕೇಳದೆ ಒಡೆಯುತ್ತವೆ. ಚಕ್ರ ತೆಗೆದು, ಲಿಂಕ್ ಅಡ್ಡ ಬಂದರೆ ಅದನ್ನೂ ಬಿಚ್ಚಿ. ಬಾಲ್ ಜಾಯಿಂಟ್ ಹಿಡಿದಿರುವ ಪಿಂಚ್ ಬೋಲ್ಟ್ ಪೂರ್ತಿ ಹೊರಗೆ ಬರಬೇಕು. ಅದು ಜಾಯಿಂಟಿನ ಕುತ್ತಿಗೆಯ ಕಚ್ಚಿನಲ್ಲಿ ಕೂತಿರುತ್ತೆ, ಬರೀ ಸಡಿಲಿಸಿ ಸುತ್ತಿಗೆಯಲ್ಲಿ ಬಡಿದರೆ ಚಕ್ರವನ್ನು ಹೊತ್ತಿರುವ ನಕಲ್ ಅನ್ನೋ ಭಾಗ ಹಾಳು. ಹೊಸ ಆರ್ಮ್ ಇಟ್ಟು ಪಿಂಚ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಬಹುದು, ಆದರೆ ಬುಶ್ಶುಗಳ ಬೋಲ್ಟನ್ನು ಕೈಬಿಗಿಗೇ ನಿಲ್ಲಿಸಿ.

ಈಗ ಎರಡನೇ ಜಾಕನ್ನು ಆರ್ಮಿನ ಹೊರತುದಿಗೆ, ಬಾಲ್ ಜಾಯಿಂಟಿನ ಹತ್ತಿರ, ಮರದ ತುಂಡು ಇಟ್ಟು ಕೊಡಿ. ಬರೆದಿಟ್ಟ ಅಳತೆ ವಾಪಸ್ ಬರುವವರೆಗೆ ನಿಧಾನ ಏರಿಸಿ. ಅಷ್ಟು ಹೊತ್ತಿಗೆ ಬಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳೋ ಹಾಗೆ ಆಗುತ್ತೆ, ಪೂರ್ತಿ ಏಳೋಕೆ ಬಿಡಬೇಡಿ. ಆ ಸ್ಥಿತಿಯಲ್ಲಿ ಬುಶ್ ಬೋಲ್ಟ್ ಬಿಗಿ ಮಾಡಿ, ಟಾರ್ಕ್ ಎಷ್ಟು ಅನ್ನೋದು ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿದ್ದ ಹಾಗೆ. ಪಿಟ್ ಇದ್ದರೆ ಈ ಸರ್ಕಸ್ಸೇ ಬೇಡ: ಚಕ್ರ ಹಾಕಿ, ಕೈಬಿಗಿಯಲ್ಲೇ ಹುಷಾರಾಗಿ ಪಿಟ್ಟಿಗೆ ತಳ್ಳಿಕೊಂಡು ಹೋಗಿ, ನಾಲ್ಕು ಸಲ ಅದುಮಿ ಅಲ್ಲಾಡಿಸಿ, ಕೆಳಗಿಂದ ಬಿಗಿ ಮಾಡಿ. ನನ್ನ ಮೇಸ್ತ್ರಿ ಹಾಗೇ ಮಾಡಿದ್ದು. "ಟೈಟ್ ಮಾಡೋದೆಲ್ಲಾ ನೆಲದ ಮ್ಯಾಲೆ" ಅಂದರು, ಕೂಲಿ ಆರುನೂರು ತಗೊಂಡರು.

ಹಿಂದಿನ ಸಲ ಎಡಗಡೆ ಮಾತ್ರ ಹಾಕಿಸಿದ್ದೀರೋ ಎರಡೂ ಕಡೆಯೋ ನೀವು ಬರೆದಿಲ್ಲ. ಎರಡೂ ಹಾಕಿಸಿದ್ದರೆ ಬಲಗಡೆಯದನ್ನೂ ಗೆರೆ ಎಳೆದು ನೋಡಿ, ಅದನ್ನೂ ಅದೇ ಕೈ ಬಿಗಿ ಮಾಡಿರೋದು.

ವೀಲ್ ಅಲೈನ್‌ಮೆಂಟ್ ಇದೆಲ್ಲ ಮುಗಿದು ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ. ಸಡಿಲ ಬುಶ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೆಷಿನ್ ಇಳಿಯುವಷ್ಟರಲ್ಲಿ ಬದಲಾಗಿರುತ್ತೆ. ಟೋ (ಮುಂಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಹೆಚ್ಚುಕಮ್ಮಿ ಆದರೆ ಟೈರ್ ಸವೆಯುತ್ತೆ, ಸ್ಟೀರಿಂಗ್ ಸೊಟ್ಟ ನಿಲ್ಲುತ್ತೆ, ಆದರೆ ಸಾಮಾನ್ಯವಾಗಿ ಕಾರು ಒಂದು ಕಡೆ ಎಳೆಯಲ್ಲ. ಎಳೆತಕ್ಕೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಎಡಬಲ ವ್ಯತ್ಯಾಸ ನೋಡಬೇಕು, ಆ ಪ್ರಿಂಟ್ ಕೇಳಿ ತಗೊಳ್ಳಿ.

ಇಷ್ಟರ ಮೇಲೂ ರ್ಯಾಕೇ ಅಂತ ಬೆರಳಿಗೆ ಸಿಕ್ಕಿತು ಅಂದರೆ, ನನ್ನ ಅಭಿಪ್ರಾಯದಲ್ಲಿ ಹೊಸದೇ ಹಾಕಿಸಿ. ಸಲಾಕೆಗೆ ತುಕ್ಕು ಹಿಡಿದ ಮೇಲೆ ರೀಕಂಡಿಶನ್ ಅನ್ನೋದು ಹೊಸ ಬುಶ್, ಹೊಸ ಬೂಟ್, ಹೊಸ ಬಣ್ಣ ಅಷ್ಟೇ. ಬಿಚ್ಚುವ ಮೊದಲು ಚಕ್ರ ನೇರ ಇಟ್ಟು, ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಕಟ್ಟಿಹಾಕಿಸಿ. ಕೆಳಗೆ ಬಿಚ್ಚಿದ ಮೇಲೆ ಯಾರಾದರೂ ಸ್ಟೀರಿಂಗ್ ಗಿರಗಿರ ತಿರುಗಿಸಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ (ಹಾರ್ನ್, ಏರ್‌ಬ್ಯಾಗ್ ವೈರಿನ ಸುರುಳಿ) ತುಂಡಾಗುತ್ತೆ, ಹಾರ್ನ್ ಹೋಗುತ್ತೆ, ಏರ್‌ಬ್ಯಾಗ್ ಲೈಟ್ ಬರುತ್ತೆ. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತು ಅಂತ ಎಣಿಸಿ, ಅಷ್ಟೇ ಸುತ್ತು ವಾಪಸ್ ಹಾಕಿಸಿ, ಅಲೈನ್‌ಮೆಂಟ್ ಅಂಗಡಿವರೆಗಾದರೂ ಕಾರು ನೇರ ಹೋಗುತ್ತೆ. ಅದರ ನಟ್ಟಿಗೆ ಸ್ಪ್ಲಿಟ್ ಪಿನ್ ಹೊಸದು. ತೂತು ಎದುರುಬದುರು ಬರಲಿಲ್ಲ ಅಂತ ನಟ್ ಹಿಂದಕ್ಕೆ ಸಡಿಲಿಸಬಾರದು, ಮುಂದಿನ ಕಚ್ಚಿಗೆ ಬಿಗಿ ಮಾಡಬೇಕು.

ಗೆರೆ ಎಳೆದು ಸಡಿಲಿಸಿದಾಗ ಎಷ್ಟು ಜರುಗಿತು ಅಂತ ಒಂದು ಫೋಟೋ ಇಲ್ಲೇ ಹಾಕಿ. ಆಮೇಲೆ ರ್ಯಾಕ್ ಮಾತು.